ಹಳೆಯ ಅಮಿಗಾ ಯಂತ್ರಕ್ಕೆ ಹೊಸ ತೂಬು

ಮೂವತ್ತು ವರ್ಷಗಳಷ್ಟು ಹಳೆಯದಾದ ಒಂದು ಗಣಕಯಂತ್ರ ನಿಮ್ಮ ಮನೆಯಲ್ಲಿದೆಯೆಂದು ಭಾವಿಸಿಕೊಳ್ಳಿ. ಅದು ಇನ್ನೂ ನಡೆಯುತ್ತಿದೆ. ಅದನ್ನು ತಯಾರಿಸಿದ ಕಂಪೆನಿ ಮಾತ್ರ ಇಲ್ಲವಾಗಿದೆ. ಇಂಥ ಯಂತ್ರಕ್ಕೆ ಹಣ ತೆತ್ತು ಹೆಚ್ಚು ವೇಗದ ಹಾರ್ಡ್ ಡಿಸ್ಕ್ ನಿಯಂತ್ರಕವನ್ನು ಜೋಡಿಸುವುದು ವಿವೇಕವೋ, ಬರಿಯ ವ್ಯಾಮೋಹವೋ? ಅಮಿಗಾ 1200ರ ವೃತ್ತಾಂತವನ್ನು ಓದಿದ ಬಳಿಕ ನೀವೇ ನಿರ್ಣಯಿಸಬಹುದು.

ಅಮೆರಿಕದ ಕಮೊಡೋರ್ ಕಂಪೆನಿಯು ಮೊದಲ ಅಮಿಗಾವನ್ನು 1985ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತು. ಚಿತ್ರ ಮತ್ತು ಸಂಗೀತಗಳಲ್ಲಿ ಅದರ ಸಮಕ್ಕೆ ನಿಲ್ಲುವ ಮನೆಬಳಕೆಯ ಯಂತ್ರ ಆಗ ಇರಲಿಲ್ಲವೆಂದೇ ಹೇಳಬೇಕು. ಆದರೆ ಅದರ ಉಗ್ರಾಣ ಮಾತ್ರ ಪುಟ್ಟದು: 880 ಕಿಲೋಬೈಟು ಹಿಡಿಸುವ ಒಂದು ಫ್ಲಾಪಿ. 1987ರಲ್ಲಿ ಬಂದ ಅಮಿಗಾ 500ಕ್ಕೆ ಕಂಪೆನಿ ಮುಂದೆ 20 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇರುವ ಎ590 ಎಂಬ ಪೆಟ್ಟಿಗೆಯನ್ನು ಒದಗಿಸಿತು. ಅದನ್ನು ಯಂತ್ರದ ಎಡಮಗ್ಗುಲಿಗೆ ಸಿಕ್ಕಿಸಬೇಕಾಗಿತ್ತು. ಕಿಕ್‌ಸ್ಟಾರ್ಟ್ 1.2 ಇದ್ದ ಯಂತ್ರಗಳಿಗೋ, ಹಾರ್ಡ್ ಡಿಸ್ಕಿನಿಂದ ನೇರವಾಗಿ ಏಳುವ ಶಕ್ತಿಯೇ ಇರಲಿಲ್ಲ. ಮೊದಲು ಫ್ಲಾಪಿ ಹಾಕಿಯೇ ಎಬ್ಬಿಸಬೇಕು! 1.3ರಲ್ಲಿ ಆ ತೊಡಕು ನೀಗಿತು.

ಅಮಿಗಾ 1200 ಬಂದುದು 1992ರಲ್ಲಿ. ಹಾರ್ಡ್ ಡಿಸ್ಕಿಗೆ ಬೇಕಾದ ಐಡಿಇ ಸಂಪರ್ಕ ಈಗ ಯಂತ್ರದೊಳಗೇ ಇದ್ದಿತು; ಅದನ್ನು ನೋಡಿಕೊಳ್ಳುವುದು ಗೇಲ್ ಎಂಬ ಚಿಪ್ಪು. ಆದರೆ ಕಂಪೆನಿ ಇಲ್ಲಿ ಅಗ್ಗದ ದಾರಿಯನ್ನೇ ಹಿಡಿಯಿತು. ಡಿಸ್ಕಿನಿಂದ ಬರುವ ಮಾಹಿತಿಯನ್ನು ಸ್ಮೃತಿಗೆ ತಾನಾಗಿ ತುಂಬುವ ಏರ್ಪಾಡಿಲ್ಲ; 14 ಮೆಗಾಹರ್ಟ್ಸಿನ ಸಂಸ್ಕಾರಕವೇ ಒಂದೊಂದು ಸಲಕ್ಕೆ ಎರಡೆರಡು ಬೈಟು ಹೊತ್ತು ತರಬೇಕು. ಐಡಿಇಯ ಅತಿ ನಿಧಾನದ ಕ್ರಮದಲ್ಲಿ ಇಂಥ ಒಂದು ಹೊರೆಗೆ 600 ನ್ಯಾನೊಸೆಕೆಂಡು ಹಿಡಿಯುತ್ತದೆ. ಅಂದರೆ ಕಾಗದದ ಮೇಲೆ ಸೆಕೆಂಡಿಗೆ 3.3 ಮೆಗಾಬೈಟು; ವಾಸ್ತವದಲ್ಲಿ ಅಷ್ಟೂ ದಕ್ಕದು. ಕೆರೆ ತುಂಬಿದ್ದರೇನು, ತೂಬು ಕಿರಿದಾದರೆ ಗದ್ದೆಗೆ ನೀರು ಏರುವುದು ತಡವೇ.

1994ರ ಏಪ್ರಿಲ್ 29ರಂದು ಕಮೊಡೋರ್ ಬಾಗಿಲು ಮುಚ್ಚುವುದಾಗಿ ಸಾರಿತು. ಬ್ರಿಟನ್, ಜರ್ಮನಿಗಳಲ್ಲಿ ಮನೆಮನೆಗಳಲ್ಲಿದ್ದ ಅಮಿಗಾಗಳು ಹೀಗೆ ದಿಕ್ಕಿಲ್ಲದಾದುವು. ಆ ಮೇಲೆ ಅವುಗಳನ್ನು ಪೋಷಿಸಿದವರು ಸಣ್ಣಪುಟ್ಟ ತಯಾರಕರು. ಪೋಲೆಂಡಿನ ಎಲ್‌ಬಾಕ್ಸ್ ಸಂಸ್ಥೆಯ ಫಾಸ್ಟ್‌ಎಟಿಎ ನಿಯಂತ್ರಕ ಅಂಥದೊಂದು ಸಾಧನ. ಗೇಲ್ ಚಿಪ್ಪಿನ ನಿಧಾನಗತಿಗೆ ಕಾಯದೆ ಐಡಿಇಯ ವೇಗದ ಕ್ರಮಗಳನ್ನು ಅದು ಬಳಸುತ್ತದೆ. ನಾಲ್ಕನೆಯ ಕ್ರಮದಲ್ಲಿ ಒಂದು ಹೊರೆಗೆ ಹಿಡಿಯುವುದು 120 ನ್ಯಾನೊಸೆಕೆಂಡು ಮಾತ್ರ, ಸೆಕೆಂಡಿಗೆ 16.6 ಮೆಗಾಬೈಟು ಅದರ ಮೇಲ್ಮಿತಿ.

ತೂಬು ಹಿಗ್ಗಿತೆಂದು ಹಿಗ್ಗಬೇಡಿ. ಹೊರುವವನು ಹಳೆಯ ಸಂಸ್ಕಾರಕವೇ ಅಲ್ಲವೆ? ಮೂಲ ಯಂತ್ರದ 2 ಮೆಗಾಬೈಟು ಸ್ಮೃತಿಯನ್ನು ಚಿತ್ರ, ಧ್ವನಿಗಳ ಚಿಪ್ಪುಗಳೂ ಹಂಚಿಕೊಳ್ಳುವುದರಿಂದ ಅವನು ಅಲ್ಲಿಯೂ ಸರದಿ ಕಾಯಬೇಕು. ನನ್ನನ್ನು ಕೇಳಿದರೆ, ಮೊದಲು ಹೆಚ್ಚುವರಿ ಸ್ಮೃತಿಯನ್ನೂ ವೇಗದ ಸಂಸ್ಕಾರಕವನ್ನೂ ಹಾಕಿಸಿ, ನಿಯಂತ್ರಕದ ಯೋಚನೆಯನ್ನು ಆಮೇಲೆ ಮಾಡುವುದು ಲೇಸು.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾಗದು. ವೇಗ ಸಿಕ್ಕವರು ದೊಡ್ಡ ಡಿಸ್ಕಿಗೆ ಆಸೆಪಡುವುದು ಸಹಜ. ಅಮಿಗಾದ ಹಳೆಯ ತಂತ್ರಾಂಶ ಡಿಸ್ಕಿನ ಸ್ಥಾನಗಳನ್ನು 32 ಬಿಟ್ಟುಗಳಲ್ಲಿ ಎಣಿಸುತ್ತದೆ. ಆ ಎಣಿಕೆ 4 ಗಿಗಾಬೈಟಿಗೆ ಮುಗಿದು ಮತ್ತೆ ಸೊನ್ನೆಯಿಂದ ತೊಡಗುತ್ತದೆ. ಗೆರೆಯಾಚೆ ಬರೆದುದು ಡಿಸ್ಕಿನ ಮೊದಲಲ್ಲೇ ಹೋಗಿ ಬೀಳುತ್ತದೆ. ಅಲ್ಲಿರುವುದು ಇಡೀ ಡಿಸ್ಕಿನ ವಿಭಾಗಗಳ ಪಟ್ಟಿ! ಎಷ್ಟೋ ವರ್ಷ ಜೋಪಾನವಾಗಿಟ್ಟ ಚಿತ್ರ, ಸಂಗೀತ, ಬರೆಹಗಳು ಸದ್ದಿಲ್ಲದೆ ಅಳಿಯಲು ಇಷ್ಟು ಸಾಕು. 1999ರಲ್ಲಿ ಬಂದ ಅಮಿಗಾಓಎಸ್ 3.5 ಈ ಮಿತಿಯನ್ನು ದಾಟಿತು. ಯಂತ್ರದೊಡನೆ ಬಂದ 3.0ರಲ್ಲಿಯೇ ಉಳಿದವರು ಡಿಸ್ಕು ಎಷ್ಟೇ ದೊಡ್ಡದಿರಲಿ, ವಿಭಾಗಗಳನ್ನೆಲ್ಲ ಮೊದಲ 4 ಗಿಗಾಬೈಟಿನೊಳಗೇ ಮಾಡಿಕೊಳ್ಳಬೇಕು. ಹಳೆಯ ಡಿಸ್ಕಿನಲ್ಲಿರುವುದನ್ನು ಬೇರೆಡೆ ನಕಲು ಮಾಡಿಟ್ಟುಕೊಂಡ ಮೇಲೆಯೇ ಯಂತ್ರದ ಮುಚ್ಚಳ ತೆಗೆಯಬೇಕು.