ದೊಡ್ಡಪೇಟೆಯ ಬೀದಿ: ಹೆಸರು, ನಡಿಗೆ ಮತ್ತು ಜನಪದ ನೆನಪು

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಬೆಳವಣಕಿಯಂಥ ಎರೆನೆಲದ ಊರುಗಳ ಆಡುಮಾತಿನಲ್ಲಿ ‘ಸಂತಿ’ ಮತ್ತು ‘ಪ್ಯಾಟಿ’ ಎಂಬ ಪದಗಳು ಎರಡು ಬೇರೆ ವ್ಯವಸ್ಥೆಗಳನ್ನು ಸೂಚಿಸುತ್ತವೆ. ಸಂತೆಗೆ ವಾರವಿದೆ, ಪೇಟೆಗೆ ವಾರವಿಲ್ಲ. ಸಂತೆಯಲ್ಲಿ ಮಾರುವವನು ಊರಿಂದೂರಿಗೆ ತಿರುಗುತ್ತಾನೆ. ಪೇಟೆಯಲ್ಲಿ ಅಂಗಡಿ ನಿಂತಿರುತ್ತದೆ, ಕೊಳ್ಳುವವನು ನಡೆದು ಹೋಗುತ್ತಾನೆ. ಈ ಭಾಗದ ಹಳ್ಳಿಗಳಲ್ಲಿ ಕುಂಬಾರ ಓಣಿ, ಗಾಣಿಗೇರ ಓಣಿ ಎಂದು ಓಣಿಗಳನ್ನು ಕಸುಬಿನಿಂದ ಗುರುತಿಸುವ ರೂಢಿಯೂ ಇದೆ. ಈ ಎರಡು ತಿಳಿವಳಿಕೆಗಳನ್ನು ಜೊತೆಗಿಟ್ಟುಕೊಂಡು ನೋಡಿದರೆ ಬೆಂಗಳೂರಿನ ಹಳೆಯ ಪೇಟೆಯ ರಚನೆ ಸ್ಪಷ್ಟವಾಗುತ್ತದೆ. ಅಲ್ಲಿನ ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆಗಳಲ್ಲಿ ಹಳ್ಳಿಯ ಓಣಿಯ ತತ್ತ್ವವೇ ನಗರದ ಪ್ರಮಾಣಕ್ಕೆ ಬೆಳೆದಿರುವುದು ಕಂಡುಬರುತ್ತದೆ.

ಬೆಂಗಳೂರು ಪೇಟೆಯ ಬೆನ್ನೆಲುಬಾದ ದೊಡ್ಡಪೇಟೆ ಬೀದಿ ಇಂದು ಅವೆನ್ಯೂ ರಸ್ತೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ಇತಿಹಾಸವನ್ನು ಅರಸರ ಮತ್ತು ಯುದ್ಧಗಳ ಕ್ರಮದಲ್ಲಿ ಬರೆದವರು ಅನೇಕರು. ಆದರೆ ಈ ಬೀದಿ ನಡೆಯುವವರಿಗಾಗಿ ಹುಟ್ಟಿದ್ದು. ಅದರ ನೆನಪನ್ನು ಉಳಿಸಿಕೊಂಡು ಬಂದವರೂ ನಡೆಯುವವರೇ. ಆದ್ದರಿಂದ ಕಾಲ್ನಡಿಗೆಯ ಕ್ರಮದಲ್ಲಿಯೇ ಅದನ್ನು ಪರಿಶೀಲಿಸುವುದು ಉಚಿತವಾಗಿದೆ.

ಸ್ಥಾಪನೆಯ ಐತಿಹ್ಯಗಳು

ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆಯೊಳಗೆ ಈ ಪೇಟೆಯನ್ನು ಕಟ್ಟಿಸಿದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಅದರ ಬಗೆಗಿನ ಐತಿಹ್ಯ ಇನ್ನಷ್ಟು ಸ್ವಾರಸ್ಯಕರವಾಗಿದೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಸ್ಥಳದಲ್ಲಿ ನಾಲ್ಕು ನೇಗಿಲುಗಳಿಗೆ ಎತ್ತುಗಳನ್ನು ಹೂಡಿ ನಾಲ್ಕು ದಿಕ್ಕಿಗೆ ಬಿಡಲಾಯಿತು. ಎತ್ತುಗಳು ಗೆರೆ ಎಳೆದ ಜಾಡು ಬೀದಿಯಾಯಿತು, ನಿಂತ ಜಾಗದಲ್ಲಿ ಹೆಬ್ಬಾಗಿಲು ಎದ್ದಿತು ಎಂದು ಜನ ಹೇಳುತ್ತಾರೆ. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೇಕೊಪ್ಪ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲು ಬಾಗಿಲು ಎಂಬುದು ರೂಢಿಯ ಎಣಿಕೆ. ವ್ಯಾಪಾರದ ಬೀದಿಯ ಹುಟ್ಟಿಗೆ ಬೇಸಾಯದ ಉಪಕರಣವನ್ನು ಕಾರಣವಾಗಿ ಇಟ್ಟಿರುವುದು ಗಮನಾರ್ಹ. ಉಳುಮೆಯ ಗೆರೆಯೇ ಮೊದಲ ಹೆಜ್ಜೆಯ ಗುರುತೆಂದು ಭಾವಿಸಿದ ಒಕ್ಕಲು ಸಮಾಜದ ಕಲ್ಪನೆ ಇಲ್ಲಿ ಕೆಲಸಮಾಡಿದೆ.

ಕಟ್ಟಿದ ಬಾಗಿಲು ನಿಲ್ಲದೆ ಮತ್ತೆ ಮತ್ತೆ ಬಿದ್ದಾಗ ಕೆಂಪೇಗೌಡರ ಸೊಸೆ, ಬಸುರಿ ಲಕ್ಷ್ಮಮ್ಮ, ರಾತ್ರಿ ಅಲ್ಲಿಗೆ ಹೋಗಿ ತನ್ನನ್ನು ತಾನೇ ಬಲಿಕೊಟ್ಟಳೆಂಬ ಇನ್ನೊಂದು ಐತಿಹ್ಯವಿದೆ. ಕೋರಮಂಗಲದಲ್ಲಿ ಅವಳ ಸಮಾಧಿಯನ್ನು ಜನ ತೋರಿಸುತ್ತಾರೆ. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿ ಬಲಿಯಾಗುವ ‘ಕೆರೆಗೆ ಹಾರ’ ಕಥನಗೀತೆಯ ಆಶಯವೇ ಇಲ್ಲಿಯೂ ಇದೆ. ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಭಾಗೀರಥಿಯನ್ನು ಮನೆಯವರು ನಿರ್ಧರಿಸಿ ಕಳುಹಿಸುತ್ತಾರೆ. ಲಕ್ಷ್ಮಮ್ಮ ಯಾರಿಗೂ ಹೇಳದೆ ಹೋಗುತ್ತಾಳೆ. ಕೋಟೆ ಕಟ್ಟಿದ ಪ್ರಭುವನ್ನು ದೋಷದಿಂದ ಪಾರುಮಾಡುವ ಎಚ್ಚರ ಎರಡನೆಯ ಕಥೆಯಲ್ಲಿ ಕಾಣುತ್ತದೆ. ಎರಡರಲ್ಲಿಯೂ ಕಟ್ಟಡದ ಬೆಲೆ ತೆತ್ತವಳು ಮನೆಗೆ ಬಂದ ಹೆಣ್ಣು.

ಬಾಗಿಲಿನಿಂದ ಮಾರುಕಟ್ಟೆಯವರೆಗೆ

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗಿನ ಈ ಬೀದಿಯ ಉದ್ದ ಸುಮಾರು ಒಂದು ಕಿಲೋಮೀಟರ್. ಉತ್ತರ ತುದಿಯಲ್ಲಿ ಯಲಹಂಕ ಬಾಗಿಲು ಈಗ ಇಲ್ಲ. ಅಲ್ಲಿರುವ ಆಂಜನೇಯನು ಮಾತ್ರ ‘ಯಲಹಂಕ ಗೇಟ್ ಆಂಜನೇಯ’ನೆಂದೇ ಪೂಜೆಗೊಳ್ಳುತ್ತಿದ್ದಾನೆ. ವೃತ್ತಕ್ಕೆ ಹೆಸರು ಕೊಟ್ಟ ಬ್ಯಾಂಕು 1913ರಲ್ಲಿ ಸ್ಥಾಪನೆಯಾಗಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೂ ಜನರ ಬಾಯಲ್ಲಿ ಅದು ಮೈಸೂರು ಬ್ಯಾಂಕ್ ವೃತ್ತವೇ. ಪೂರ್ವದ ಹಲಸೂರು ಬಾಗಿಲು ಪೊಲೀಸ್ ಠಾಣೆಯ ಹೆಸರಿನಲ್ಲಿ ಉಳಿದಿದೆ. ಉಪ್ಪಾರಪೇಟೆಗೂ ಅಂಥದೇ ಆಶ್ರಯ ದೊರೆತಿದೆ. ಬಿದ್ದುಹೋದ ಬಾಗಿಲುಗಳ ಹೆಸರನ್ನು ದೇವರು ಮತ್ತು ಸರ್ಕಾರ ಎಂಬ ಎರಡು ಸಂಸ್ಥೆಗಳು ಕಾಪಾಡಿವೆ.

ಬೀದಿಯಲ್ಲಿ ದಕ್ಷಿಣಾಭಿಮುಖವಾಗಿ ನಡೆದಂತೆ ಪುಸ್ತಕ, ಆಭರಣ, ಕಾಗದ, ಬಟ್ಟೆಗಳ ಅಂಗಡಿಗಳು ಒತ್ತಾಗಿ ಎದುರಾಗುತ್ತವೆ. ಹಳೆಯ ಪುಸ್ತಕಗಳನ್ನು ಕಾಲುದಾರಿಯ ಅಂಚಿನಲ್ಲಿ ಹರಡಿ ಮಾರುವ ರೂಢಿಯಿಂದ ಈ ಬೀದಿ ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಇಲ್ಲಿನ ರೈಸ್ ಸ್ಮಾರಕ ಚರ್ಚು ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಹೆಸರನ್ನು ಹೊತ್ತಿದೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಮೂಲಕ ನಾಡಿನ ಶಾಸನಗಳನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಅವರ ಮಗ. ಕೂಡುರಸ್ತೆಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ರೇಷ್ಮೆ ಸೀರೆಗಳ ಚಿಕ್ಕಪೇಟೆ, ಪೂರ್ವಕ್ಕೆ ನಗರ್ತ ವರ್ತಕರ ನಗರ್ತಪೇಟೆ. ಬೀದಿಯ ದಕ್ಷಿಣ ತುದಿಯ ಮಾರುಕಟ್ಟೆ ಕಟ್ಟಡ 1921ರದು. ಅದು ನಿಂತಿರುವುದು ಸಿದ್ದಿಕಟ್ಟೆ ಎಂಬ ಕೆರೆಯ ನೆಲದಲ್ಲಿ.

ಈ ಬೀದಿಯ ಹೆಸರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆಗಳು ಸರಕಿನಿಂದ ಬಂದವು. ಕುಂಬಾರ, ಗಾಣಿಗ, ಗೊಲ್ಲ, ಉಪ್ಪಾರ ಪೇಟೆಗಳು ಸಮುದಾಯದಿಂದ ಬಂದವು. ಸುಲ್ತಾನಪೇಟೆ, ಕಬ್ಬನ್‌ಪೇಟೆಗಳು ಅಧಿಕಾರದ ಕಾಲಗಣನೆಯನ್ನು ಸೂಚಿಸುತ್ತವೆ. ಸರಕು ಬದಲಾದರೂ ಹೆಸರು ನಿಲ್ಲುತ್ತದೆ ಎಂಬುದಕ್ಕೆ ಬಳೇಪೇಟೆಯೇ ಸಾಕ್ಷಿ; ಇಂದು ಅದು ವಾದ್ಯಗಳ ಅಂಗಡಿಗಳಿಗೆ ಹೆಸರಾಗಿದೆ. ಅರಳೆಪೇಟೆ ಕಾಟನ್‌ಪೇಟೆಯಾದಾಗ ಪದ ಹೋದರೂ ಅರ್ಥ ಉಳಿಯಿತು. ದೊಡ್ಡಪೇಟೆ ಅವೆನ್ಯೂ ರಸ್ತೆಯಾದಾಗ ಎರಡೂ ಹೋದವು. ಅವೆನ್ಯೂ ಎಂದರೆ ಸಾಲುಮರಗಳ ದಾರಿ. ಗೋಡೆಗೆ ಗೋಡೆ ತಾಗಿದ ಈ ಬೀದಿಯಲ್ಲಿ ಆ ಪದಕ್ಕೆ ಇಂದು ಆಧಾರವಿಲ್ಲ.

ಯುದ್ಧ, ಹತ್ತಿ ಮತ್ತು ಹಾದಿಯ ಹಕ್ಕು

ಪೇಟೆ ಹಲವು ಕೈಗಳನ್ನು ಕಂಡಿದೆ. 1638ರಲ್ಲಿ ಬಿಜಾಪುರದ ಸೇನೆ ಗೆದ್ದ ಮೇಲೆ ಅದು ಶಹಾಜಿಯ ಜಹಗೀರಾಯಿತು. 1687ರಲ್ಲಿ ಮೊಗಲರು ಹಿಡಿದರು; ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂದಿತು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲನ್ನು ಒಡೆದು ಪೇಟೆಯನ್ನು ವಶಪಡಿಸಿಕೊಂಡಿತು. ಎರಡು ವಾರಗಳ ನಂತರ ಕಲ್ಲಿನ ಕೋಟೆಯೂ ಬಿದ್ದಿತು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಯುದ್ಧದಿಂದಲೂ ವ್ಯಾಪಾರದ ನಿರ್ಬಂಧಗಳಿಂದಲೂ ಕುಗ್ಗಿದ್ದ ಪೇಟೆ ಚೇತರಿಸಿಕೊಳ್ಳುತ್ತಿದ್ದುದನ್ನು ದಾಖಲಿಸಿದ್ದಾನೆ. ಆತ ಕಂಪನಿಯ ಆಜ್ಞೆಯ ಮೇರೆಗೆ ಬಂದವನಾದುದರಿಂದ ಟಿಪ್ಪುವಿನ ಆಡಳಿತದ ಬಗೆಗಿನ ಅವನ ತೀರ್ಪನ್ನು ಎಚ್ಚರಿಕೆಯಿಂದ ಓದಬೇಕು. ನೇಕಾರರು, ಬಣ್ಣಗಾರರು, ಬಣಜಿಗರು, ನಗರ್ತರನ್ನು ಕುರಿತ ವಿವರಗಳು ಮಾತ್ರ ಇಂದಿಗೂ ಬೆಲೆಯುಳ್ಳವು.

ಬೆಂಗಳೂರಿನ ಸುತ್ತಲಿನದು ಕೆಂಪುಮಣ್ಣು. ಹತ್ತಿಗೆ ಒಗ್ಗಿದ್ದು ಉತ್ತರದ ಎರೆನೆಲ. ಪೇಟೆಯ ಮಗ್ಗಗಳಿಗೆ ಬೇಕಾದ ಹತ್ತಿ ಉತ್ತರದ ಸೀಮೆಗಳಿಂದ ಎತ್ತುಗಳ ಬೆನ್ನ ಮೇಲೆ ಬರುತ್ತಿತ್ತು. ಅರಳೆಪೇಟೆ ಎಂಬ ಹೆಸರಿನೊಳಗೆ ಈ ದೂರದ ನೆಲದ ಬೆಳೆಯೂ ಹೊರೆಹೊತ್ತ ಎತ್ತುಗಳ ಹಾದಿಯೂ ಅಡಗಿವೆ. ಪೇಟೆಯ ಚರಿತ್ರೆಯನ್ನು ಅದರ ಕೋಟೆಯೊಳಗೇ ಮುಗಿಸಲಾಗದು ಎಂಬುದಕ್ಕೆ ಇದು ನಿದರ್ಶನ.

ಬೀದಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಲಗೈ–ಎಡಗೈ ಎಂದೂ ಹದಿನೆಂಟು ಫಣ–ಒಂಬತ್ತು ಫಣ ಎಂದೂ ಕರೆಯುತ್ತಿದ್ದ ಪಂಗಡಗಳ ನಡುವೆ ಯಾರ ಮೆರವಣಿಗೆ ಯಾವ ಬೀದಿಯಲ್ಲಿ, ಯಾವ ಬಿರುದಿನೊಂದಿಗೆ ಸಾಗಬೇಕೆಂಬ ವ್ಯಾಜ್ಯಗಳು ದಕ್ಷಿಣ ಭಾರತದ ಪೇಟೆಗಳಲ್ಲಿ ಸಾಮಾನ್ಯವಾಗಿದ್ದವು. ಮೆರವಣಿಗೆಯ ದಾರಿ ಎಂದರೆ ಮಾನದ ದಾರಿ. ಈ ಹಿನ್ನೆಲೆಯಲ್ಲಿಯೇ ಕರಗದ ನಡಿಗೆಯನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಕರಗದ ದಾರಿ

ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ದ್ರೌಪದಿಯ ಕರಗ ಹೊರಡುತ್ತದೆ. ಅದನ್ನು ಹೊರುವ ಹಕ್ಕು ತಿಗಳ ಸಮುದಾಯದ್ದು. ಹೊರುವವನು ಗಂಡಸು, ಉಡುಗೆ, ಬಳೆ, ತಾಳಿ, ಮಲ್ಲಿಗೆ ಹೆಣ್ಣಿನವು. ಕತ್ತಿ ಹಿಡಿದ ವೀರಕುಮಾರರು ಸುತ್ತ ನಡೆಯುತ್ತಾರೆ. ಬೆಳಗಾಗುವವರೆಗೆ ಕರಗ ಪೇಟೆಯ ಬೀದಿಗಳನ್ನು ಸುತ್ತಿ ಗುಡಿಗುಡಿಗಳಲ್ಲಿ ಪೂಜೆ ಪಡೆಯುತ್ತದೆ. ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಹೈದರನ ಕಾಲದಲ್ಲಿ ಕೋಟೆಯ ಕೆಲಸಮಾಡಿ ಕೂಲಿಯನ್ನು ಸ್ವೀಕರಿಸದೆ ಹೋದ ಸಂತನೆಂದು ಮಸ್ತಾನನ ಬಗೆಗೆ ಐತಿಹ್ಯವಿದೆ. ಕೋಟೆಯ ಬಾಗಿಲಿಗೆ ಪ್ರಾಣ ಕೊಟ್ಟ ಹೆಣ್ಣಿನ ಕಥೆಯ ಪಕ್ಕದಲ್ಲಿ ಕೋಟೆಯ ಗೋಡೆಗೆ ದುಡಿಮೆ ಕೊಟ್ಟ ಸಂತನ ಕಥೆಯನ್ನೂ ಜನ ಇರಿಸಿದ್ದಾರೆ.

ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಕರಗವನ್ನು ನಗರದ ನೆನಪಿನ ಆಚರಣೆಯೆಂದು ವಿವರಿಸಿದೆ. ಈ ಮಾತನ್ನು ದೊಡ್ಡಪೇಟೆಗೆ ಅನ್ವಯಿಸಿ ಹೇಳುವುದಾದರೆ, ಕರಗವು ಪೇಟೆಯ ನಕ್ಷೆಯನ್ನು ವರ್ಷಕ್ಕೊಮ್ಮೆ ಕಾಲಿನಿಂದ ಓದುವ ಕ್ರಿಯೆ. ತೋಟಗಾರಿಕೆಯ ಸಮುದಾಯವೊಂದು ವರ್ತಕರ ಬೀದಿಗಳನ್ನು ಆ ರಾತ್ರಿ ತನ್ನ ದೇವಿಯ ದಾರಿಯನ್ನಾಗಿ ಮಾಡಿಕೊಳ್ಳುತ್ತದೆ. ಕೆರೆಗಳು ಬತ್ತಿ ತೋಟಗಳು ಬಡಾವಣೆಗಳಾದ ಮೇಲೆಯೂ ಆ ಹಕ್ಕು ಬಿಟ್ಟುಹೋಗಿಲ್ಲ.

1898ರ ಪ್ಲೇಗಿನ ನಂತರ ಪೇಟೆಯ ಅನೇಕ ಕುಟುಂಬಗಳು ಬಸವನಗುಡಿ, ಮಲ್ಲೇಶ್ವರಗಳತ್ತ ಸರಿದವು. 2017ರ ಜೂನ್‌ನಲ್ಲಿ ಚಿಕ್ಕಪೇಟೆಯ ನೆಲದಡಿ ಮೆಟ್ರೋ ನಿಲ್ದಾಣ ತೆರೆಯಿತು. ಈಗ ಕೊಳ್ಳುವವರು ನೆಲದೊಳಗಿನಿಂದ ಬಂದು ಬೀದಿಗೆ ಏರುತ್ತಾರೆ; ಬಾಗಿಲುಗಳ ಮೂಲಕ ಪೇಟೆಯನ್ನು ಪ್ರವೇಶಿಸುವ ಹಳೆಯ ಕ್ರಮ ಅವರಿಗೆ ತಿಳಿಯಬೇಕಾದ ಅಗತ್ಯವಿಲ್ಲ. ಆದರೂ ಚಿಕ್ಕಪೇಟೆ ಎಂಬ ಹೆಸರು ನಿಲ್ದಾಣಕ್ಕೆ ದೊರೆತಿರುವುದರಿಂದ ಅದಕ್ಕೆ ಇನ್ನೊಂದು ಶತಮಾನದ ಆಯುಷ್ಯ ಬಂದಂತಾಗಿದೆ. ದೊಡ್ಡಪೇಟೆಗೆ ಆ ಭಾಗ್ಯವಿಲ್ಲ.

ಹೀಗೆ ಹೆಸರುಗಳ ಮೂಲಕ ಪೇಟೆಯನ್ನು ಓದುವಾಗ ಒಂದು ಕೊರತೆ ಎದ್ದುಕಾಣುತ್ತದೆ. ಅಕ್ಕಿಗೆ, ಬಳೆಗೆ, ಹತ್ತಿಗೆ ಹೆಸರಿದೆ. ಮಾಡಿದವರಿಗೂ ಮಾರಿದವರಿಗೂ ಆಳಿದವರಿಗೂ ಹೆಸರಿದೆ. ಮೂಟೆಗಳನ್ನು ಬೆನ್ನಮೇಲೆ ಹೊತ್ತು ಈ ಇಕ್ಕಟ್ಟಿನ ಬೀದಿಗಳಲ್ಲಿ ದಿನವೆಲ್ಲ ನಡೆದ ಹಮಾಲರ ಹೆಸರಿನಲ್ಲಿ ಪರಿಚಿತ ಪೇಟೆ ಒಂದೂ ಇಲ್ಲ. ಬೀದಿಯನ್ನು ಅತಿ ಹೆಚ್ಚು ನಡೆದವರು ಅವರೇ. ಅವರ ಕೂಗು, ಹೊರೆಯ ಎಣಿಕೆ, ವಿಶ್ರಾಂತಿಯ ತಾಣ, ಬಂದ ಊರುಗಳ ವಿವರ ಇನ್ನೂ ವ್ಯವಸ್ಥಿತವಾಗಿ ಸಂಗ್ರಹವಾಗಬೇಕಾಗಿದೆ. ದೊಡ್ಡಪೇಟೆಯ ಚರಿತ್ರೆಯ ಮುಂದಿನ ಅಧ್ಯಾಯವನ್ನು ಶಾಸನದಿಂದಲೋ ಕಡತದಿಂದಲೋ ಬರೆಯಲಾಗುವುದಿಲ್ಲ. ಹೊರೆ ಇಳಿಸಿ ಕುಳಿತವರ ಬಾಯಿಂದ, ಅವರು ಬದುಕಿರುವಾಗಲೇ, ಕೇಳಿ ಬರೆಯಬೇಕಾಗಿದೆ.