ಕೊಲ್ಲಿಯಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ!

ವೀಕ್ಷಕರೇ, ಇವತ್ತು ಮಂಗಳೂರಿನವರು ದುಬೈಗೆ ಹೋಗಿ ದಿರ್ಹಮ್ ದುಡೀತಾರೆ. ಆದರೆ ಒಂದು ಕಾಲಕ್ಕೆ ದುಬೈ, ಕತಾರ್, ಬಹ್ರೇನ್, ಕುವೈತ್‌ನಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮದೇ ರೂಪಾಯಿ! ಯಾಕೆ ಗೊತ್ತಾ? ಬ್ರಿಟಿಷರು ಕೊಲ್ಲಿಯ ವ್ಯವಹಾರ ನಡೆಸುತ್ತಿದ್ದದ್ದು ಮೊದಲು ಬಾಂಬೆ ಸರ್ಕಾರದ, ಆಮೇಲೆ ಭಾರತ ಸರ್ಕಾರದ ಮೂಲಕ.

ಸ್ವಾತಂತ್ರ್ಯ ಬಂದ ಮೇಲೂ ರೂಪಾಯಿ ಅಲ್ಲೇ ಉಳೀತು. ಚಿನ್ನದ ಕಳ್ಳಸಾಗಣೆಯಿಂದ ನಮ್ಮ ವಿದೇಶಿ ವಿನಿಮಯ ಸೋರತೊಡಗಿದಾಗ, 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ತಂದಿತು. ಕುವೈತ್ 1961ರಲ್ಲಿ, ಬಹ್ರೇನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡವು. 1966ರ ಜೂನ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರ ರೂಪಾಯಿ ಅಪಮೌಲ್ಯ ಮಾಡಿತು ನೋಡಿ, ಕತಾರ್, ದುಬೈ ಕೂಡ ಕೈಬಿಟ್ಟವು.

ಬ್ರಿಟಿಷರ ಕೊಲ್ಲಿ ಆಡಳಿತದ ಹಳೇ ಕಡತಗಳು 2014ರಿಂದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿವೆ. ಮನೆಯಲ್ಲೇ ಕೂತು ಪುಕ್ಕಟೆ ಓದಬಹುದು. ಆದರೆ ಒಂದು ಎಚ್ಚರ. ಮುತ್ತಿಗಾಗಿ ಕಡಲಿಗೆ ಮುಳುಗಿದ ಗುಲಾಮರ ಮಾತೂ ಅಲ್ಲಿದೆ, ಆದರೆ ಅಧಿಕಾರಿಗಳು ಬರೆಸಿಕೊಂಡ ಹೇಳಿಕೆಯಾಗಿ. ಅರಬರ ಇತಿಹಾಸವನ್ನ ಆಳಿದವರ ಕಡತದಿಂದಷ್ಟೇ ಓದಿದರೆ ಅರ್ಧ ಓದಿದ ಹಾಗೆ. ನಮ್ಮ ಇತಿಹಾಸಕ್ಕೂ ಇದೇ ಮಾತು ಅನ್ವಯಿಸುತ್ತೆ, ಅಲ್ವಾ?