ವಿದ್ಯಾರ್ಥಿ ವಿನಿಮಯದಡಿ ಯೂರೋಪಿನಲ್ಲಿ ಒಂದು ಸೆಮಿಸ್ಟರ್ ವ್ಯಾಸಂಗ: ಜರ್ಮನಿಯ ಟ್ಯೂಬಿಂಗನ್ ನಗರಕ್ಕೆ ತೆರಳುವವರಿಗೆ ಮಾಹಿತಿ

ರಾಜ್ಯದ ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳಲ್ಲಿ ವ್ಯಾಸಂಗ ಮಾಡುತ್ತಿರುವ ಅಭ್ಯರ್ಥಿಗಳು ವಿದ್ಯಾರ್ಥಿ ವಿನಿಮಯ ಒಪ್ಪಂದದಡಿ ಒಂದು ಸೆಮಿಸ್ಟರ್ ಅವಧಿಗೆ ಯೂರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ಓದಿ ಹಿಂತಿರುಗುವ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ. ದೇಶದಿಂದ ದೇಶಕ್ಕೆ ನಿಯಮಗಳು ಭಿನ್ನವಾಗಿರುವುದರಿಂದ ಜರ್ಮನಿಯ ಟ್ಯೂಬಿಂಗನ್ ನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ನೆಕ್ಕರ್ ನದಿಯ ದಡದಲ್ಲಿರುವ ಈ ಸಣ್ಣ ನಗರದ ವಿಶ್ವವಿದ್ಯಾಲಯವು 1477ರಲ್ಲಿ ಸ್ಥಾಪನೆಗೊಂಡಿದ್ದು, ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಮಂಗಳೂರು ಸಮಾಚಾರ ಪತ್ರಿಕೆಯನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರಿಗೂ, 1894ರಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟ್ಟೆಲ್ ಅವರಿಗೂ ಗೌರವ ಡಾಕ್ಟರೇಟ್ ನೀಡಿದ ವಿಶ್ವವಿದ್ಯಾಲಯವಿದು. ಕಿಟ್ಟೆಲ್ ಅವರು 1903ರಲ್ಲಿ ನಿಧನರಾದದ್ದೂ ಇದೇ ನಗರದಲ್ಲಿ.

ವಿನಿಮಯ ವಿದ್ಯಾರ್ಥಿ ಎಂದರೆ ಯಾರು?

ವಿದೇಶದಲ್ಲಿ ಪದವಿ ಪಡೆಯಲು ಪ್ರವೇಶ ಪಡೆದವರು ಬೇರೆ, ವಿನಿಮಯದ ಮೇಲೆ ಹೋಗುವವರು ಬೇರೆ. ಎರಡನೆಯವರ ಪದವಿಯನ್ನು ಇಲ್ಲಿನ ವಿಶ್ವವಿದ್ಯಾಲಯವೇ ನೀಡುತ್ತದೆ. ಅವರ ಹೆಸರು ಇಲ್ಲಿನ ದಾಖಲಾತಿಯಲ್ಲಿಯೇ ಮುಂದುವರಿಯುತ್ತದೆ ಮತ್ತು ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ಇಲ್ಲಿಯೇ ಪಾವತಿಸಲಾಗುತ್ತದೆ. ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರಿನಿಂದ ಯೂರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸುತ್ತಿದ್ದರೂ, ಒಪ್ಪಂದದ ಮೇರೆಗೆ ಬರುವ ವಿನಿಮಯ ವಿದ್ಯಾರ್ಥಿಗಳಿಗೆ ಇದರಿಂದ ವಿನಾಯಿತಿ ಇದೆ. ಆದುದರಿಂದ ಈ ಶುಲ್ಕವನ್ನು ಕಟ್ಟಬೇಕೆಂದು ಮಧ್ಯವರ್ತಿಗಳು ಹೇಳಿದಲ್ಲಿ, ಪೋಷಕರು ಹಣ ನೀಡುವ ಮುನ್ನ ತಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಲ್ಲಿ ವಿಚಾರಿಸತಕ್ಕದ್ದು.

ಎರಾಸ್ಮಸ್ ಯೋಜನೆಯು 1987ರಲ್ಲಿ ಯೂರೋಪಿನೊಳಗಿನ ವಿದ್ಯಾರ್ಥಿಗಳಿಗಾಗಿ ಆರಂಭವಾಯಿತು. ಅದರ ಮುಂದುವರಿದ ರೂಪದಲ್ಲಿ ಭಾರತದ ವಿದ್ಯಾರ್ಥಿಗಳಿಗೂ ಅವಕಾಶವಿದೆ. ಆದರೆ ಈ ವಿನಿಮಯ ಸಹಾಯಧನಕ್ಕೆ ವಿದ್ಯಾರ್ಥಿಯು ನೇರವಾಗಿ ಅರ್ಜಿ ಸಲ್ಲಿಸಲು ಬರುವುದಿಲ್ಲ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದವಿರಬೇಕು ಮತ್ತು ಇಲ್ಲಿನ ವಿಶ್ವವಿದ್ಯಾಲಯವು ಅಭ್ಯರ್ಥಿಯನ್ನು ನಾಮನಿರ್ದೇಶನ ಮಾಡಿರಬೇಕು.

ಕ್ರೆಡಿಟ್ ಮಾನ್ಯತೆ

ಅರ್ಜಿದಾರರು ಅತ್ಯಂತ ಹೆಚ್ಚಿನ ಗಮನ ನೀಡಬೇಕಾದ ವಿಷಯವಿದು. ವೀಸಾ ದೊರೆತೊಡನೆ ಕೆಲಸ ಮುಗಿಯಿತೆಂದು ಭಾವಿಸಿ ತೆರಳಿ, ಹಿಂತಿರುಗಿದ ನಂತರ ಅಲ್ಲಿ ಓದಿದ ವಿಷಯಗಳಿಗೆ ಇಲ್ಲಿ ಮಾನ್ಯತೆ ದೊರೆಯದೆ ಒಂದು ವರ್ಷವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

ಯೂರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್‌ಗಳು. ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಗೆಲಸ ಹಾಗೂ ಪರೀಕ್ಷಾ ಸಿದ್ಧತೆ ಎಲ್ಲವೂ ಸೇರಿ 25ರಿಂದ 30 ಗಂಟೆಗಳ ಶ್ರಮ. ನಮ್ಮಲ್ಲಿ ಕ್ರೆಡಿಟ್ ಅನ್ನು ವಾರದ ಬೋಧನಾ ಗಂಟೆಗಳ ಮೇಲೆ ಲೆಕ್ಕ ಹಾಕುವುದು ರೂಢಿ. ಹೀಗಾಗಿ ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಸಮವೆಂದು ತಿಳಿಯಲಾಗದು. ಅಂಕಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಜರ್ಮನಿಯಲ್ಲಿ 1.0 ಅತ್ಯುತ್ತಮ ದರ್ಜೆ, 4.0 ಕನಿಷ್ಠ ಉತ್ತೀರ್ಣ ದರ್ಜೆ, 5.0 ಅನುತ್ತೀರ್ಣ. ಹತ್ತರ ಮಾಪಕಕ್ಕೆ ಒಗ್ಗಿಕೊಂಡವರ ಕಣ್ಣಿಗೆ 1.3 ಪಡೆದ ವಿದ್ಯಾರ್ಥಿಯು ಅನುತ್ತೀರ್ಣನಂತೆ ತೋರಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಅಲ್ಲಿ ಓದಲಿರುವ ವಿಷಯಗಳ ಪಟ್ಟಿ, ಇಲ್ಲಿ ಅವು ಯಾವ ವಿಷಯಗಳಿಗೆ ಬದಲಿಯಾಗುತ್ತವೆ ಎಂಬುದು ಹಾಗೂ ದರ್ಜೆಯ ಪರಿವರ್ತನಾ ಕ್ರಮ, ಈ ಮೂರನ್ನೂ ಒಳಗೊಂಡ ಕಲಿಕಾ ಒಪ್ಪಂದ ಪತ್ರಕ್ಕೆ ಪ್ರಯಾಣಕ್ಕೆ ಮುನ್ನವೇ ವಿಭಾಗದ ಮುಖ್ಯಸ್ಥರ ಸಹಿ ಪಡೆದು, ಅದರ ಒಂದು ಪ್ರತಿಯನ್ನು ಪರೀಕ್ಷಾ ವಿಭಾಗಕ್ಕೆ ಸಲ್ಲಿಸಿ ಸ್ವೀಕೃತಿ ಪಡೆದಿರತಕ್ಕದ್ದು. ಬಾಯಿಮಾತಿನ ಒಪ್ಪಿಗೆ ಸಾಲದು. ಮುಖ್ಯಸ್ಥರು ಬದಲಾಗುತ್ತಾರೆ, ಕಡತ ಉಳಿಯುತ್ತದೆ. ಅಲ್ಲಿಗೆ ಹೋದ ಮೇಲೆ ವಿಷಯ ಬದಲಾದಲ್ಲಿ, ಬದಲಾವಣೆಗೂ ಇ-ಮೇಲ್ ಮೂಲಕ ಲಿಖಿತ ಅನುಮೋದನೆ ಪಡೆಯಬೇಕು.

ವೇಳಾಪಟ್ಟಿಯನ್ನೂ ಪರಿಶೀಲಿಸಬೇಕು. ಜರ್ಮನಿಯ ಚಳಿಗಾಲದ ಸೆಮಿಸ್ಟರಿನ ತರಗತಿಗಳು ಅಕ್ಟೋಬರ್ ಮಧ್ಯಭಾಗದಿಂದ ಫೆಬ್ರವರಿಯವರೆಗೆ, ಬೇಸಿಗೆಯವು ಏಪ್ರಿಲ್ ಮಧ್ಯಭಾಗದಿಂದ ಜುಲೈವರೆಗೆ ನಡೆಯುತ್ತವೆ. ಫೆಬ್ರವರಿಯಲ್ಲಿ ಅಲ್ಲಿ ಪರೀಕ್ಷೆ ಬರೆಯುವಾಗ ಇಲ್ಲಿ ಮುಂದಿನ ಸೆಮಿಸ್ಟರ್ ಆರಂಭವಾಗಿರಬಹುದು. ಹಾಜರಾತಿ ಕೊರತೆಯ ಬಗ್ಗೆ ಮೊದಲೇ ಅನುಮತಿ ಪಡೆಯದಿದ್ದರೆ ಮರಳಿ ಬಂದವರಿಗೆ ಪರೀಕ್ಷಾ ಪ್ರವೇಶ ಪತ್ರವೇ ದೊರೆಯದಿರಬಹುದು.

ದಾಖಲೆಗಳು ಮತ್ತು ವೀಸಾ

ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಅಥವಾ ಊರಿನ ಪೂರ್ಣ ಹೆಸರು, ಆಧಾರ್‌ನಲ್ಲಿ ಮತ್ತೊಂದು ಕ್ರಮ, ಹೀಗಿರುವುದು ನಮ್ಮ ರಾಜ್ಯದಲ್ಲಿ ಸರ್ವೇಸಾಮಾನ್ಯ. ವಿದೇಶಿ ಅಧಿಕಾರಿಗೆ ಇವು ಮೂವರು ವ್ಯಕ್ತಿಗಳಂತೆ ಕಾಣಬಹುದು. ಇಂತಹ ವ್ಯತ್ಯಾಸವಿದ್ದಲ್ಲಿ, ಮೂರೂ ಹೆಸರುಗಳು ಒಬ್ಬರದೇ ಎಂದು ನೋಟರಿ ಸಮ್ಮುಖದಲ್ಲಿ ಮಾಡಿಸಿದ ಪ್ರಮಾಣ ಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳುವುದು ಒಳಿತು. ಪ್ರವೇಶ ಪತ್ರ, ವಿಮೆ ಹಾಗೂ ವಿಮಾನ ಟಿಕೆಟ್ ಎಲ್ಲದರಲ್ಲಿಯೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರಿರಬೇಕು.

ಅಪೊಸ್ಟಿಲ್ ದೃಢೀಕರಣ ಕಡ್ಡಾಯವೆಂದು ಹೇಳಿ ಹಣ ಪಡೆಯುವವರುಂಟು. ಭಾರತವು 2005ರಲ್ಲಿ ಅಪೊಸ್ಟಿಲ್ ಒಡಂಬಡಿಕೆಗೆ ಸೇರಿದಾಗ ಜರ್ಮನಿಯು ಆಕ್ಷೇಪಣೆ ಸಲ್ಲಿಸಿತ್ತು ಎಂಬುದು ಇಲ್ಲಿ ಗಮನಾರ್ಹ. ಆತಿಥೇಯ ವಿಶ್ವವಿದ್ಯಾಲಯ ಅಥವಾ ದೂತಾವಾಸವು ಲಿಖಿತವಾಗಿ ಕೇಳದ ಹೊರತು ಇದಕ್ಕೆ ವೆಚ್ಚ ಮಾಡುವ ಅಗತ್ಯವಿಲ್ಲ.

90 ದಿನಗಳಿಗೂ ಹೆಚ್ಚಿನ ವಾಸ್ತವ್ಯಕ್ಕೆ ಅಲ್ಪಾವಧಿಯ ಷೆಂಗೆನ್ ವೀಸಾ ಸಾಲದು, ಜರ್ಮನಿಯ ರಾಷ್ಟ್ರೀಯ ವೀಸಾ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದೆಂಬ ಸಲಹೆಯನ್ನು ನಂಬಬಾರದು. ಜೀವನ ನಿರ್ವಹಣೆಗೆ ಹಣವಿರುವುದನ್ನು ರುಜುವಾತುಪಡಿಸಬೇಕಾಗಿದ್ದು, ವಿದ್ಯಾರ್ಥಿಗಳಿಗೆ ಈ ಮೊತ್ತವನ್ನು 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೊ, ಅಂದರೆ ವರ್ಷಕ್ಕೆ 11,904 ಯೂರೊ ಎಂದು ನಿಗದಿಪಡಿಸಲಾಯಿತು. ಆ ದರದಲ್ಲಿ ಆರು ತಿಂಗಳಿಗೆ 5,952 ಯೂರೊ ಆಗುತ್ತದೆ. ಮೊತ್ತವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿಯ ದಿನದಂದು ಜಾರಿಯಲ್ಲಿರುವ ದರವನ್ನೇ ಅನುಸರಿಸಬೇಕು. ಬ್ಲಾಕ್ಡ್ ಅಕೌಂಟ್ ಎಂದು ಕರೆಯಲಾಗುವ ಖಾತೆಯಲ್ಲಿ ಇದನ್ನು ಇರಿಸಿದರೆ ಪ್ರತಿ ತಿಂಗಳು ಆ ತಿಂಗಳ ಭಾಗ ಮಾತ್ರ ಕೈಗೆ ಸಿಗುತ್ತದೆ. ಬಾಡಿಗೆ ಮುಂಗಡಕ್ಕೆ ಹಾಗೂ ಮೊದಲ ವಾರಗಳ ಖರ್ಚಿಗೆ ಬೇರೆ ಹಣ ಹೊಂದಿಸಿಕೊಂಡಿರಬೇಕು. ವಿದ್ಯಾರ್ಥಿವೇತನ ಇದ್ದವರು ಮಂಜೂರಾತಿ ಪತ್ರವನ್ನು ಹಾಜರುಪಡಿಸಬಹುದು.

ತಲುಪಿದ ನಂತರ

ವಸತಿಗೆ ಸೇರಿದ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಕಡ್ಡಾಯ. ಇದಕ್ಕೆ ಮನೆ ಮಾಲೀಕರ ಅಥವಾ ವಿದ್ಯಾರ್ಥಿನಿಲಯದ ದೃಢೀಕರಣ ಪತ್ರ ಬೇಕು. ಬಾಡಿಗೆ ಪಡೆದೂ ಈ ಪತ್ರ ಕೊಡಲು ಒಪ್ಪದ ಮಾಲೀಕರಿದ್ದಲ್ಲಿ ಆ ಮನೆಯನ್ನು ಬಿಡುವುದೇ ಲೇಸು. ಟ್ಯೂಬಿಂಗನ್‌ನಂತಹ ಸಣ್ಣ ವಿದ್ಯಾರ್ಥಿ ನಗರದಲ್ಲಿ ಕೊಠಡಿಗಳ ಕೊರತೆ ಇರುವುದರಿಂದ ನಾಮನಿರ್ದೇಶನವಾದೊಡನೆ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕತಕ್ಕದ್ದು. ಕೊಠಡಿ ನೋಡದೆ, ಕರಾರು ಇಲ್ಲದೆ ಅಪರಿಚಿತರಿಗೆ ಮುಂಗಡ ಕಳುಹಿಸಬಾರದು.

ವಿಶ್ವವಿದ್ಯಾಲಯದ ದಾಖಲಾತಿಗೆ ಆರೋಗ್ಯ ವಿಮೆಯ ಪುರಾವೆ ಬೇಕು. ಇಲ್ಲಿ ಮಾಡಿಸಿದ ಪ್ರವಾಸ ವಿಮೆಯು ಮೊದಲ ದಿನಗಳಿಗೆ ಉಪಯುಕ್ತವೇ ಹೊರತು ಇಡೀ ಸೆಮಿಸ್ಟರಿಗೆ ಸಾಮಾನ್ಯವಾಗಿ ಅಂಗೀಕೃತವಾಗುವುದಿಲ್ಲ. ತರಗತಿಗಳು ಬಹುಪಾಲು ನಿಗದಿತ ಗಂಟೆಗಿಂತ ಕಾಲು ಗಂಟೆ ತಡವಾಗಿ ಆರಂಭವಾಗುವುದು ಅಲ್ಲಿನ ಹಳೆಯ ಪದ್ಧತಿ. ಸರ್ಕಾರಿ ಕಚೇರಿಯ ಭೇಟಿಗೆ ಈ ಕಾಲು ಗಂಟೆ ಅನ್ವಯಿಸುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ತುರ್ತು ವೈದ್ಯಕೀಯ ನೆರವಿಗೆ 112, ಪೊಲೀಸರಿಗೆ 110.

ಹಿಂತಿರುಗುವ ಮುನ್ನ

ವಿಳಾಸದ ನೋಂದಣಿಯನ್ನು ರದ್ದುಪಡಿಸಿ ಅದರ ದೃಢೀಕರಣ ಪಡೆಯಬೇಕು. ಪ್ರತಿ ಮನೆಗೆ ತಿಂಗಳಿಗೆ ವಿಧಿಸುವ ರೇಡಿಯೊ–ದೂರದರ್ಶನ ವಂತಿಗೆಯ ಖಾತೆಯನ್ನೂ ಪ್ರತ್ಯೇಕವಾಗಿ ಮುಕ್ತಾಯಗೊಳಿಸಬೇಕು. ಇಲ್ಲವಾದಲ್ಲಿ ಊರಿಗೆ ಬಂದ ಮೇಲೂ ಬಾಕಿ ಬೆಳೆಯುತ್ತಿರುತ್ತದೆ. ಬ್ಯಾಂಕ್ ಖಾತೆಯನ್ನು ವಸತಿ ಠೇವಣಿ ಹಿಂತಿರುಗುವವರೆಗೆ ಮುಚ್ಚಬಾರದು.

ಅಂಕಪಟ್ಟಿಯು ಪರೀಕ್ಷೆಯಾದ ಹಲವು ವಾರಗಳ ನಂತರ ಸಿದ್ಧವಾಗುತ್ತದೆ. ಅದನ್ನು ಯಾವ ಕಚೇರಿಯು, ಯಾರ ಹೆಸರಿಗೆ, ಯಾವ ವಿಳಾಸಕ್ಕೆ ಕಳುಹಿಸುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಹೊರಡಬೇಕು. ಅಂಕಪಟ್ಟಿ ಕೈಸೇರಿದ ಕೂಡಲೇ ಕಲಿಕಾ ಒಪ್ಪಂದ ಪತ್ರದ ಪ್ರತಿಯೊಂದಿಗೆ ಪರೀಕ್ಷಾ ವಿಭಾಗಕ್ಕೆ ಖುದ್ದಾಗಿ ಸಲ್ಲಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆಯತಕ್ಕದ್ದು.